ಎಲೆಕ್ಟ್ರಿಕ್ ಲೋಡ್ ಗಾಡಿ: ಮಿನಿ ಟ್ರಕ್ಕೋ, ಗೂಡ್ಸ್ ಆಟೋನೋ?

ಯಶವಂತಪುರ ಮಂಡಿಯಿಂದ ರಾಜಾಜಿನಗರದ ಅಂಗಡಿಗಳಿಗೆ ದಿನಸಿ ಸಾಗಿಸುವುದು ನಮ್ಮ ಕೆಲಸ. ಇದಕ್ಕೆ ಮೂರು ಚಕ್ರದ ಎಲೆಕ್ಟ್ರಿಕ್ ಗೂಡ್ಸ್ ಆಟೋನೇ ಸರಿ. ನಾಲ್ಕು ಚಕ್ರದ ಮಿನಿ ಟ್ರಕ್ಕನ್ನೂ, ಸ್ಟೇಷನ್ನಿನಲ್ಲಿ ಖಾಲಿ ಬ್ಯಾಟರಿ ಕೊಟ್ಟು ಚಾರ್ಜ್ ಆದದ್ದನ್ನು ಹಾಕಿಸಿಕೊಳ್ಳುವ, ಅಂದರೆ ಬ್ಯಾಟರಿ ಬದಲಿಸುವ ಆಟೋವನ್ನೂ ಓಡಿಸಿ ನೋಡಿಯೇ ಹೇಳುತ್ತಿದ್ದೇನೆ.

ಮಿನಿ ಟ್ರಕ್ ಓಡಿಸೋಕೆ ಬಲು ಸೊಗಸು. ಡೆಮೊ ಗಾಡಿಗೆ ಮೂಟೆ ಹಾಕಿಸಿ ಮಹಾಲಕ್ಷ್ಮಿ ಲೇಔಟಿನ ಏರು ಹತ್ತಿಸಿದೆ, ಏದುಸಿರು ಬಿಡಲಿಲ್ಲ. ತೊಂದರೆ ಶುರುವಾಗಿದ್ದು ಬುಕ್ ಮಾಡಿದ ಮೇಲೆ. ಶೋರೂಮಿನಿಂದ ಯಾವಾಗ ಕೇಳಿದರೂ ಒಂದೇ ಉತ್ತರ: "ಗಾಡಿ ರೆಡಿ ಇದೆ ಸಾರ್, ಬ್ಯಾಟರಿ ಬಂದಿಲ್ಲ." ಯುಗಾದಿಗೆ ಅಂದರು, ಗಣೇಶನ ಹಬ್ಬಕ್ಕೆ ಅಂದರು. ಕೊನೆಗೆ ಅಡ್ವಾನ್ಸ್ ವಾಪಸ್ ತಗೊಂಡೆ.

ಸೇಲ್ಸ್ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಬ್ಯಾಟರಿ ಪ್ಯಾಕ್ ಜೋಡಿಸುವುದು ಇಲ್ಲೇ ಆದರೂ ಅದರೊಳಗೆ ಕರೆಂಟ್ ಕೂಡಿಡುವ ಬಿಡಿ ಸೆಲ್ ಬಹುಪಾಲು ಚೀನಾದಿಂದ ಬರಬೇಕು. ನಮ್ಮಲ್ಲೇ ಸೆಲ್ ಮಾಡಿಸಲು ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಯೋಜನೆ ತಂದಿತು. ಫ್ಯಾಕ್ಟರಿ ಏಳುವುದು ಮಾತ್ರ ನಿಧಾನ. ಸೆಲ್ ಕಡಿಮೆ ಇದ್ದಾಗ ಯಾವ ಕಂಪನಿಯಾದರೂ ಅದನ್ನು ಜಾಸ್ತಿ ದುಡ್ಡು ತರುವ ಗಾಡಿಗೇ ಹಾಕುತ್ತದೆ, ಅಲ್ವಾ? ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾದ ಸೆಮಿ ಎಂಬ ದೊಡ್ಡ ಟ್ರಕ್ಕಿನ ಕಥೆಯೂ ಇದೇ. 2017ರಲ್ಲಿ ತೋರಿಸಿದರು, ಮೊದಲ ಗಿರಾಕಿಗೆ ಸಿಕ್ಕಿದ್ದು 2022ರ ಡಿಸೆಂಬರಿನಲ್ಲಿ. ಒಂದು ಟ್ರಕ್ಕಿಗೆ ಕಾರಿನ ಐದು ಪಟ್ಟು ಸೆಲ್ ಬೇಕು, ಬೆಲೆ ಐದು ಪಟ್ಟು ಸಿಗುವುದಿಲ್ಲ ಎಂದು 2021ರಲ್ಲಿ ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಲೆಕ್ಕ ಕೊಟ್ಟಿದ್ದರು.

ಬ್ಯಾಟರಿ ಬದಲಿಸುವ ಆಟೋ ಅಗ್ಗ, ಬ್ಯಾಟರಿಗೆ ಬಾಡಿಗೆ. ಆದರೆ ಕೊರತೆ ಇಲ್ಲಿ ಇನ್ನೂ ಬೇಗ ತಟ್ಟುತ್ತದೆ. ಗಾಡಿಯಲ್ಲಿ ಒಂದು ಸೆಟ್ ಇದ್ದರೆ ಸಾಲದು, ಚಾರ್ಜ್ ಆಗುತ್ತಾ ಸ್ಟೇಷನ್ನಿನಲ್ಲೂ ಬೇರೆ ಸೆಟ್ ಇರಬೇಕು. ಸ್ನೇಹಿತನ ಗಾಡಿ ತಂದು ಓಡಿಸಿದಾಗ ಸಂಜೆಯಾದರೆ ಕ್ಯೂ, ಸಿಕ್ಕಿದ್ದೂ ಅರೆಬರೆ ಚಾರ್ಜಿನ ಬ್ಯಾಟರಿ.

ಈಗಿರುವ ಮೂರು ಚಕ್ರದ ಗಾಡಿಯ ಬ್ಯಾಟರಿ ಮಿನಿ ಟ್ರಕ್ಕಿನ ಅರ್ಧದಷ್ಟು. ಅದಕ್ಕೇ ಇರಬೇಕು, ಬೇಗ ಕೈಗೆ ಬಂತು. ರಾತ್ರಿ ಮನೆಯ 15 ಆಂಪ್ ಪ್ಲಗ್ಗಿಗೆ ಹಾಕಿದರೆ ಬೆಳಗಿನ ಜಾವ ಫುಲ್. ಜೋರು ಮಳೆ ಬಂದರೆ ಡ್ರೈವರ್ ನೆನೆಯುತ್ತಾನೆ, ನಿಜ. ತುಮಕೂರಿನ ಕಡೆ ಲೋಡ್ ಇರುವವರಿಗೆ ಇದು ಬೇಡ, ಸುಮ್ನೆ ಸಿಎನ್‌ಜಿ ಗಾಡಿ ತಗೊಳ್ಳಿ. ನನ್ನದು ಅರ್ಧ ಟನ್ನಿನೊಳಗಿನ ಲೋಡ್, ಊರೊಳಗಿನ ಓಡಾಟ. ಕಂತು ಕಟ್ಟೋಕೂ ಕಷ್ಟವಿಲ್ಲ. ದೀಪಾವಳಿ ವ್ಯಾಪಾರ ಚೆನ್ನಾಗಿ ಆದರೆ ಇಂಥದ್ದೇ ಇನ್ನೊಂದು ತಗೊಳ್ಳುತ್ತೇನೆ.