ಸಕ್ಕರೆ ಕಾಯಿಸುವವರ ಚರ್ಚು: ಲಂಡನ್ನಿನ ಸೇಂಟ್ ಜಾರ್ಜ್ಸ್

ಪೂರ್ವ ಲಂಡನ್ನಿನ ಆಲ್ಡ್‌ಗೇಟ್ ಈಸ್ಟ್ ನಿಲ್ದಾಣದಲ್ಲಿ ಇಳಿದು ಕೆಲವೇ ನಿಮಿಷ ನಡೆದರೆ ಆಲೀ ಸ್ಟ್ರೀಟ್. ಅಲ್ಲಿನ ಜರ್ಮನ್ ಲುಥೆರನ್ ಚರ್ಚಿನ ಮುಖ ನೋಡಿದವರು ಸುಮ್ಮನೆ ಮುಂದೆ ಹೋಗಿಬಿಡುವ ಸಂಭವವೇ ಹೆಚ್ಚು. ಸಾದಾ ಇಟ್ಟಿಗೆ ಗೋಡೆ. ಗಂಟೆಗೂಡನ್ನು 1934ರಲ್ಲಿ ತೆಗೆದದ್ದರಿಂದ ನೆತ್ತಿ ಬೋಳು. ಆದರೂ ಬ್ರಿಟನ್ನಿನಲ್ಲಿ ಉಳಿದಿರುವ ಜರ್ಮನ್ ಚರ್ಚುಗಳಲ್ಲೆಲ್ಲ ಹಳೆಯದು ಇದೇ. ನೋಡಬೇಕಾದದ್ದೆಲ್ಲ ಒಳಗಿದೆ.

ಒಳಗೆ ಕಾಲಿಡುವ ಮುಂಚೆ ಸಕ್ಕರೆಯ ವಿಷಯ ಗೊತ್ತಿರಬೇಕು. ಈ ಚರ್ಚಿರುವ ವೈಟ್‌ಚಾಪೆಲ್ ಸುತ್ತಮುತ್ತ 18ನೇ ಶತಮಾನದಲ್ಲಿ ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆಗಳು. ಕೆಲಸಗಾರರಲ್ಲಿ ಬಹುಪಾಲು ಜರ್ಮನರು. ಕೆರಿಬಿಯನ್ ದ್ವೀಪಗಳಿಂದ ಬಂದ ಕಚ್ಚಾ ಸಕ್ಕರೆಗೆ ಸುಣ್ಣದ ನೀರು, ಎತ್ತಿನ ರಕ್ತ ಬೆರೆಸಿ ಕೊಪ್ಪರಿಗೆಯಲ್ಲಿ ಕಾಯಿಸಿ, ಮೇಲೆ ಬಂದ ಕೊಳೆ ತೆಗೆದು, ಶಂಕುವಿನಾಕಾರದ ಅಚ್ಚಿಗೆ ಹೊಯ್ಯುತ್ತಿದ್ದರು. ಆಲೆಮನೆ ಕಂಡವರಿಗೆ ಆ ಸೆಕೆ ಎಂಥದ್ದೆಂದು ಹೇಳಬೇಕಿಲ್ಲ. ಇದೇ ಉದ್ಯಮದಲ್ಲಿ ಹಣ ಮಾಡಿದ ಡೀಡೆರಿಕ್ ಬೆಕ್‌ಮನ್ 650 ಪೌಂಡು ಕೊಟ್ಟು 1762ರಲ್ಲಿ ಚರ್ಚು ಆರಂಭಿಸಿದ.

ಒಳಗೆ ಹೋದ ಕೂಡಲೇ ಕಣ್ಣು ಎತ್ತರದ ಪ್ರವಚನಪೀಠಕ್ಕೇ ಹೋಗುತ್ತದೆ. ಮೊದಲು ಕೆಳಗೆ ನೋಡಿ. ನೆಲವನ್ನು ತುಂಬಿರುವುದು ಬಾಗಿಲಿರುವ ಮರದ ಪೆಟ್ಟಿಗೆಯಂಥ ಆಸನಗಳು. ಇಂಗ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ಇವನ್ನು 19ನೇ ಶತಮಾನದಲ್ಲಿ ಕಿತ್ತು ಬೆಂಚು ಹಾಕಿದರು, ಇಲ್ಲಿ ಉಳಿದಿವೆ. ಈ ಕಟ್ಟಡದ ಬೆಲೆ ಇರುವುದೇ ಅಲ್ಲಿ: ಯಾರೂ ಇದನ್ನು 'ಚೆಂದ' ಮಾಡಲು ಹೋಗಲಿಲ್ಲ.

ಜರ್ಮನ್ ಭಾಷೆಯಲ್ಲಿ ದಶಾಜ್ಞೆ ಬರೆದ ಹಲಗೆಗಳನ್ನು ನೋಡಿದ ಮೇಲೆ ಮೂರನೇ ಜಾರ್ಜ್ ದೊರೆಯ ರಾಜಲಾಂಛನ ಹುಡುಕಿ. ನಾಲ್ಕು ಭಾಗಗಳಲ್ಲಿ ನಮ್ಮ ಬಲಗೈ ಕಡೆಯ ಕೆಳಭಾಗ ಹ್ಯಾನೋವರಿನದು. ಜರ್ಮನಿಯ ಆ ಪ್ರಾಂತದ ಒಡೆಯನೂ ಅವನೇ ಆಗಿದ್ದ. ಅದರ ಮೇಲಿನ ಭಾಗ ಫ್ರಾನ್ಸಿನ ಲಿಲ್ಲಿ ಹೂಗಳದ್ದು. 1801ರಲ್ಲಿ ಲಿಲ್ಲಿ ಹೋಯಿತು, ಹ್ಯಾನೋವರ್ ನಡುವಿನ ಚಿಕ್ಕ ಗುರಾಣಿಗೆ ಸರಿಯಿತು. ಹಾಗಾಗಿ ಈ ಲಾಂಛನ ಅದಕ್ಕಿಂತ ಹಳೆಯದೆಂದು ನೋಡಿಯೇ ಹೇಳಬಹುದು.

ಆರ್ಗನ್ ವಿಷಯದಲ್ಲಿ ಮೋಸಹೋಗುವುದು ಸುಲಭ. ಹೊರಕವಚ 1794ರದ್ದು, ಜಾನ್ ಇಂಗ್ಲೆಂಡ್ ಎಂಬ ತಯಾರಕನದು. ಒಳಗಿನ ವಾದ್ಯ 1886ರಲ್ಲಿ ಜರ್ಮನಿಯ ವಾಲ್ಕರ್ ಕಂಪನಿಯಿಂದ ಬಂದದ್ದು. ಇನ್ನೊಂದು ಗೊಂದಲ, ನಾಜಿಗಳನ್ನು ವಿರೋಧಿಸಿದ ಜರ್ಮನ್ ಪಾದ್ರಿ ಬೋನ್‌ಹೋಫರ್ ಹೆಸರಿನದು. 1933ರಿಂದ 1935ರವರೆಗೆ ಅವರು ಪಾದ್ರಿಯಾಗಿದ್ದದ್ದು ಹತ್ತಿರದ ಸೇಂಟ್ ಪಾಲ್ಸ್ ಎಂಬ ಜರ್ಮನ್ ಚರ್ಚಿನಲ್ಲಿ ಮತ್ತು ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮಿನಲ್ಲಿ. ಇಲ್ಲಿದ್ದವರು ಅವರ ಗೆಳೆಯ ಯೂಲಿಯಸ್ ರೀಗರ್. ನಾಜಿಗಳಿಂದ ತಪ್ಪಿಸಿಕೊಂಡು ಬಂದವರಿಗೆ ನೆರವು ಸಿಗುತ್ತಿದ್ದದ್ದು ಇದೇ ಚರ್ಚಿನಲ್ಲಿ.

ಹಾಗೆ ನಿರಾಶ್ರಿತರು ಬಂದದ್ದು ಹೊಸದೇನಲ್ಲ. 1764ರಲ್ಲಿ ವಲಸೆಯ ಆಸೆ ಹುಟ್ಟಿಸಿ ಕರೆತಂದು ಲಂಡನ್ನಿನಲ್ಲಿ ಕೈಬಿಟ್ಟ ನೂರಾರು ಜರ್ಮನರಿಗಾಗಿ ಮೊದಲ ಪಾದ್ರಿ ವಾಕ್ಸೆಲ್ ಪತ್ರಿಕೆಯಲ್ಲಿ ಮನವಿ ಮಾಡಿದರು. ಹಣ ಕೂಡಿತು, ಜನ ದಕ್ಷಿಣ ಕ್ಯಾರೊಲಿನಾಕ್ಕೆ ಹೊರಟರು.

1996ರಲ್ಲಿ ಇಲ್ಲಿನ ಭಕ್ತರ ಸಭೆ ಬ್ಲೂಮ್ಸ್‌ಬರಿಯ ಸೇಂಟ್ ಮೇರೀಸ್ ಚರ್ಚಿನ ಜೊತೆ ಸೇರಿಹೋದದ್ದರಿಂದ ಬಾಗಿಲು ಸದಾ ತೆರೆದಿರುತ್ತದೆಂದು ನಂಬಿ ಹೋಗಬೇಡಿ, ದಿನ ವಿಚಾರಿಸಿಕೊಳ್ಳಿ. ಚರ್ಚಿನ 750ಕ್ಕೂ ಹೆಚ್ಚು ಹಳೆಯ ಪುಸ್ತಕಗಳಿಗಾಗಿ ಬರುವವರು ಹೋಗಬೇಕಾದದ್ದು ಬ್ರಿಟಿಷ್ ಲೈಬ್ರರಿಗೆ.