ಲೇಹ್‌ನಲ್ಲಿ ಇಳಿದ ಮರುದಿನವೇ ಪ್ಯಾಂಗಾಂಗ್ ಸರೋವರಕ್ಕೆ ಹೊರಡಬೇಡಿ

ಮಕ್ಕಳು, ಹಿರಿಯರನ್ನು ಕರೆದುಕೊಂಡು ಲಡಾಖ್‌ಗೆ ಹೊರಟವರು ದಯವಿಟ್ಟು ಇದನ್ನು ಓದಿ. ನಮಗಾದದ್ದು ಇನ್ನೊಂದು ಮನೆಯವರಿಗೆ ಆಗಬಾರದು.

ದೆಹಲಿಯಲ್ಲಿ ವಿಮಾನ ಹತ್ತಿ ಒಂದೂವರೆ ಗಂಟೆಯಲ್ಲಿ ಸುಮಾರು 3,500 ಮೀಟರ್ ಎತ್ತರದ ಲೇಹ್ ಸೇರಿದೆವು. ಕೈಯಲ್ಲಿದ್ದದ್ದು ನಾಲ್ಕೇ ದಿನದ ರಜೆ. ‘ನಾಳೆಯೇ ಪ್ಯಾಂಗಾಂಗ್ ಮುಗಿಸಿ, ರಾತ್ರಿಗೆ ವಾಪಸ್, ಚಿಕ್ಕ ಮಕ್ಕಳೂ ಹೋಗಿಬರುತ್ತಾರೆ’ ಎಂದ ಏಜೆಂಟ್. ನಂಬಿದೆವು. ಮೊದಲೆರಡು ದಿನ ಲೇಹ್‌ನಲ್ಲೇ ವಿಶ್ರಾಂತಿ ಪಡೆಯಬೇಕೆಂಬ ಮಾತನ್ನು ಅವನು ಎತ್ತಲೇ ಇಲ್ಲ.

ದಾರಿಯಲ್ಲಿ ಸಿಗುವ ಚಾಂಗ್ ಲಾ ಕಣಿವೆ ಮಾರ್ಗ 17,500 ಅಡಿಗೂ ಎತ್ತರ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಫೋಟೊ, ಚಹಾ ಎಂದು ಅಲ್ಲೇ ಮುಕ್ಕಾಲು ಗಂಟೆ ಕಳೆದೆವು. ಸರೋವರ ಮುಟ್ಟುವಷ್ಟರಲ್ಲಿ ಎಂಟು ವರ್ಷದ ಮಗಳು ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ‘ತಿರುವುಗಳಿಗೆ ಹಾಗಾಗುತ್ತದೆ’ ಎಂದ ಚಾಲಕ. ಆ ನೀಲಿ ನೀರನ್ನು ಎಷ್ಟು ಹೊಗಳಿದರೂ ಕಡಿಮೆಯೇ, ಆದರೆ ನನಗೆ ಅದನ್ನು ನೋಡುವ ಮನಸ್ಸಿರಲಿಲ್ಲ. ಅತ್ತೆಯವರು ದಡದ ಕಲ್ಲಿನ ಮೇಲೆ ಕುಳಿತಲ್ಲೇ ಏದುಸಿರು ಬಿಡುತ್ತಿದ್ದರು. ನೇರಳೆ ಹಣ್ಣು ತಿಂದವರಂತೆ ತುಟಿ ಕಪ್ಪಿಟ್ಟಿತ್ತು. ಕೈಹಿಡಿದು ಎಬ್ಬಿಸಿದರೆ ಹೆಜ್ಜೆ ನೆಟ್ಟಗೆ ಬೀಳಲಿಲ್ಲ.

ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಈ ಒಂದು ದಿನದ ಪ್ರವಾಸದ ದೊಡ್ಡ ಅಪಾಯವಿರುವುದು ಇಲ್ಲೇ. ಬಂದ ದಾರಿಯಲ್ಲಿ ಲೇಹ್‌ಗೆ ಮರಳಬೇಕಾದರೆ ಅದೇ ಚಾಂಗ್ ಲಾ ಹತ್ತಬೇಕು. ಇಳಿಯುವ ಮೊದಲು ಮತ್ತೆ ಸಾವಿರ ಮೀಟರ್ ಏರಬೇಕು! ನಮಗೆ ಯಾರೂ ಇದನ್ನು ಹೇಳಿರಲಿಲ್ಲ. ವಾಹನದಲ್ಲಿ ಆಮ್ಲಜನಕದ ಸಿಲಿಂಡರ್ ಇದೆ ಎಂದಿದ್ದರು. ತೆಗೆದು ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ನಮ್ಮ ಮೊಬೈಲ್‌ಗಳೂ ಉಪಯೋಗಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಕುಟುಂಬವೊಂದು ತಮ್ಮ ಸಿಲಿಂಡರ್ ಕೊಟ್ಟಿತು. ಅವರ ಋಣ ತೀರಿಸಲಾರೆ. ಮರಳುವ ದಾರಿಯಲ್ಲಿ ಚಾಂಗ್ ಲಾಗಿಂತ ಮೊದಲು ಸಿಗುವ ತಾಂಗ್ತ್ಸೆ ಊರಿನ ಆರೋಗ್ಯ ಕೇಂದ್ರದಲ್ಲಿ ಎರಡು ಗಂಟೆ ಆಮ್ಲಜನಕ ಕೊಟ್ಟ ಮೇಲೆ ಅತ್ತೆಯವರ ತುಟಿಗೆ ಬಣ್ಣ ಮರಳಿತು. ಚಾಂಗ್ ಲಾ ದಾಟುವಾಗ ಅವರ ಮೂಗಿನಿಂದ ನಳಿಕೆ ಜಾರದಂತೆ ನಾನು ದಾರಿಯುದ್ದಕ್ಕೂ ಹಿಡಿದೇ ಇದ್ದೆ.

ಹೋಗುವುದಾದರೆ ಲೇಹ್‌ನಲ್ಲಿ ಎರಡು ರಾತ್ರಿಯಾದರೂ ಕಳೆದು ಹೋಗಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕೇಳಿ. ಸಿಲಿಂಡರಿನ ಮುಳ್ಳನ್ನು ಹೊರಡುವಾಗ ನೀವೇ ನೋಡಿ. ಬೆಳಿಗ್ಗೆ ಯಾರಿಗಾದರೂ ತಲೆನೋವು, ವಾಕರಿಕೆ ಇದ್ದರೆ, ಕೊಟ್ಟ ಹಣ ಹೋದರೂ ಸರಿ, ಆ ದಿನ ವಾಹನ ಹತ್ತಬೇಡಿ.