ವೆಬ್‌ ದೂರದರ್ಶಕದ ಕೊರೊನಾಗ್ರಾಫ್: ನಾಲ್ಕು ವಾರ ಅದರ ಚಿತ್ರಗಳೊಡನೆ ಕೂತ ಮೇಲೆ

ಎಚ್‌ಐಪಿ 65426 ನಕ್ಷತ್ರದ ದತ್ತಾಂಶ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂಥದ್ದು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ನೇರವಾಗಿ ಚಿತ್ರ ತೆಗೆದ ಮೊದಲ ಹೊರಗ್ರಹ (ಸೂರ್ಯನಲ್ಲದ ಬೇರೆ ನಕ್ಷತ್ರದ ಗ್ರಹ) ಇರುವುದು ಇಲ್ಲೇ. ಚಿತ್ರ ಹೊರಬಂದದ್ದು 2022ರಲ್ಲಿ. ನಾನು ಹಿಡಿದು ಕೂತದ್ದು ಆ ದೂರದರ್ಶಕದಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುವ ಕ್ಯಾಮೆರಾ ನಿಯರ್‌ಕ್ಯಾಮ್‌ನ 335ಆರ್ ಎಂಬ ದುಂಡು ಮರೆಬಿಲ್ಲೆಯ ಹಿಂದೆ ತೆಗೆದ ಚಿತ್ರಗಳನ್ನು. ಹೀಗೆ ನಕ್ಷತ್ರವನ್ನು ಮರೆಮಾಡಿ ಪಕ್ಕದ ಮಸುಕು ಗ್ರಹವನ್ನು ತೋರಿಸುವ ಸಾಧನವೇ ಕೊರೊನಾಗ್ರಾಫ್.

ಮೊದಲ ಫೈಲು ತೆರೆದಾಗ ನಿರಾಸೆಯಾಯಿತು. ನಕ್ಷತ್ರವನ್ನು ಮುಚ್ಚಿದ ಮೇಲೆ ನಡುವೆ ಕತ್ತಲೆ ಇರಬೇಕಲ್ಲ? ಇದ್ದದ್ದು ಎಸಳೆಸಳಾಗಿ ಹರಡಿದ ಬೆಳಕು. ಬಿಲ್ಲೆ ನಡುವಿನ ಉರಿಯನ್ನು ತಡೆಯುತ್ತದೆ, ಕನ್ನಡಿಯ ಅಂಚುಗಳಲ್ಲಿ ಬಾಗಿ ಬಂದ ಬೆಳಕು ಬಿಲ್ಲೆಯ ಪಕ್ಕದಿಂದ ನುಸುಳುತ್ತದೆ. ಅದನ್ನು ಕತ್ತರಿಸಲು ಹಿಂದೆ ಇನ್ನೊಂದು ತಡೆ ಇದೆ. ಸೂರ್ಯನ ಸುತ್ತಲಿನ ಮಸುಕು ಪ್ರಭೆಯಾದ ಕರೋನಾ ನೋಡಲು ಫ್ರೆಂಚ್ ಖಗೋಳಜ್ಞ ಬರ್ನಾರ್ ಲಿಯೊ ಸುಮಾರು 1930ರಲ್ಲಿ ಕಂಡುಕೊಂಡ ಉಪಾಯ, ಹೆಸರೂ ಅವರದೇ. ಈ ತಡೆ ದುಬಾರಿ: ದಾಟುವುದು ಬೆಳಕಿನ ಐದನೆಯ ಒಂದು ಪಾಲಿನಷ್ಟೇ. ಗ್ರಹದ ಬೆಳಕಿಗೂ ಅದೇ ಗತಿ. ಅದಕ್ಕೇ ಗ್ರಹ ಇಲ್ಲಿ ಚುಕ್ಕೆಯಂತೆ ಕಾಣದೆ ಗೆರೆಗೆರೆಯಾಗಿ ಕಾಣುತ್ತದೆ.

ಆದರೂ ಈ ಉಪಕರಣವನ್ನು ನಾನು ಮೆಚ್ಚುವುದು ಅದರ ಸ್ಥಿರತೆಗೆ. ಗ್ರಹವಿಲ್ಲದ ಇನ್ನೊಂದು ನಕ್ಷತ್ರವನ್ನು ಅದೇ ಬಿಲ್ಲೆಯ ಹಿಂದೆ, ಕೂದಲೆಳೆಯಷ್ಟು ಸರಿಸುತ್ತ, 9 ಕಡೆ ನಿಲ್ಲಿಸಿ ತೆಗೆದಿದ್ದಾರೆ. ಆ ಎಸಳುಗಳನ್ನು ಈ ಎಸಳುಗಳಿಂದ ಕಳೆದರೆ ಎರಡೂ ಒಂದರೊಳಗೊಂದು ಕರಗುತ್ತವೆ. ಗಾಳಿ ಅಲುಗಾಡುವ ನೆಲದ ಮೇಲೆ ಇಷ್ಟು ಹೊಂದಿಕೆ ಬಲು ಕಷ್ಟ.

ಅವಗೆಂಪು ಬೆಳಕೇ ಏಕೆ? ಈ ಗ್ರಹ ಇನ್ನೂ ಎಳೆಯದು. ಹುಟ್ಟಿದ ಕಾವು ಆರಿಲ್ಲ, ತಾನೇ ಬೆಳಗುತ್ತದೆ. ಅಷ್ಟಾದರೂ ನಕ್ಷತ್ರಕ್ಕಿಂತ 10,000 ಪಟ್ಟಿಗೂ ಹೆಚ್ಚು ಮಸುಕು.

ನನ್ನ ತಕರಾರು ಒಂದೇ, ಅದು ದೊಡ್ಡದು. ಬಿಲ್ಲೆ ಸುಮಾರು 0.63 ಆರ್ಕ್‌ಸೆಕೆಂಡ್‌ವರೆಗೆ ಮರೆಮಾಡುತ್ತದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಪಾಲು). ಗ್ರಹ ಇರುವುದು 0.8ರ ಆಸುಪಾಸಿನಲ್ಲಿ. ಅಂದರೆ ಅಂಚಿನಾಚೆ ಸ್ವಲ್ಪವೇ. ಭೂಮಿಯಷ್ಟು ದೂರದಲ್ಲಿ ಅಲ್ಲೊಂದು ಗ್ರಹ ಸುತ್ತುತ್ತಿದ್ದರೆ ಅದು ಬಿಲ್ಲೆಯಡಿಯೇ ಹೂತುಹೋಗಿರುತ್ತದೆ. ಇನ್ನೂ ಹತ್ತಿರಕ್ಕೆ ಇಣುಕಬೇಕೆಂದರೆ ವೆಬ್‌ನ ಇನ್ನೊಂದು ಅವಗೆಂಪು ಉಪಕರಣವಾದ ಮಿರಿಯ ನಾಲ್ಕು ಕಾಲುಭಾಗದ ಮರೆ ನೋಡಿ. ಅಲ್ಲಿ ಬೆಳಕಿನಿಂದಲೇ ಬೆಳಕನ್ನು ಅಳಿಸುತ್ತಾರೆ.

ಹೊಸದಾಗಿ ಕೈಹಾಕುವವರು ಎರಡೂ ಕೋನದ ಚಿತ್ರಗಳನ್ನು ಇಳಿಸಿಕೊಳ್ಳಿ. ದೂರದರ್ಶಕವನ್ನು ತುಸು ಹೊರಳಿಸಿ ಎರಡನೆಯ ಬಾರಿ ತೆಗೆದಿದ್ದಾರೆ. ನಾನು ಎರಡನ್ನೂ ಅದಲುಬದಲು ಮಾಡುತ್ತ ನೋಡಿದೆ: ಉಳಿದ ಕಲೆಗಳೆಲ್ಲ ಇದ್ದಲ್ಲೇ ಇದ್ದವು, ಒಂದು ಮಾತ್ರ ನಕ್ಷತ್ರದ ಸುತ್ತ ಜರುಗಿತು.